ಸಾಲು ಮನೆಗಳ ಕೆಲಸ ಇನ್ನು ಸಾಲಾಗಿಯೇ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ, ಸದಸ್ಯರಿಗೆ ನಮಸ್ಕಾರ.

ಈ ದೀಪಾವಳಿ ಕಳೆದ ಮೇಲೆ ಶಿವಮೊಗ್ಗದ ಕೋಟೆ, ಗಾಂಧಿ ಬಜಾರ್, ಕುಂಬಾರಗುಂಡಿ ಸುತ್ತಿನ ಹಳೇ ಕೇರಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಮಾಡು (ಹಂಚಿನ ಚಾವಣಿ) ಮತ್ತು ಗೋಡೆ ರಿಪೇರಿಯನ್ನು ನಮ್ಮ ಸಂಘ ಬಿಡಿಬಿಡಿಯಾಗಿ ಒಪ್ಪಿಕೊಳ್ಳುವುದಿಲ್ಲ. ಒಂದೇ ಸಾಲಿನಲ್ಲಿ ಪಕ್ಕಪಕ್ಕದ ಕನಿಷ್ಠ ಮೂರು ಮನೆಯವರು ಒಟ್ಟಿಗೆ ಬರಬೇಕು. ಚದರಡಿಗೆ ಇಷ್ಟು ಎಂಬ ದರಪಟ್ಟಿಯನ್ನೂ ಕೈಬಿಟ್ಟಿದ್ದೇವೆ. ನಾಲ್ಕು ಸುತ್ತಲೂ ಜಾಗ ಇರುವ ಒಂಟಿ ಮನೆಗಳಿಗೆ ಈ ನಿಯಮ ಇಲ್ಲ. ಈಗಾಗಲೇ ಮುಂಗಡ ಕೊಟ್ಟವರ ಕೆಲಸ ಹಳೇ ದರದಲ್ಲೇ, ಹಳೇ ಕ್ರಮದಲ್ಲೇ ಮುಗಿಯುತ್ತದೆ. ಅದಕ್ಕೆ ಒಂದು ರೂಪಾಯಿಯೂ ಹೆಚ್ಚಿಗೆ ಕೇಳುವುದಿಲ್ಲ.

ಇದರಿಂದ ಕೆಲವು ಮನೆಯವರು ಈ ಬೇಸಿಗೆ ಪೂರ್ತಿ ಕಾಯಬೇಕಾಗಬಹುದು. ಮಳೆಗಾಲದಲ್ಲಿ ಪಾತ್ರೆ ಇಟ್ಟು ಸೋರುವ ನೀರು ಹಿಡಿದವರಿಗೆ ಇನ್ನೊಂದು ವರ್ಷ ತಾಳಿ ಎನ್ನುವುದು ಸಣ್ಣ ಮಾತಲ್ಲ ಎಂದು ನಮಗೆ ಗೊತ್ತು. ಅವರಲ್ಲಿ ಮನಃಪೂರ್ವಕ ಕ್ಷಮೆ ಕೇಳುತ್ತೇವೆ. ಆದರೆ ಸಂಘ ದೊಡ್ಡ ಬಿಲ್ಲಿನ ಆಸೆಗೆ ಬಿದ್ದಿದೆ ಎಂಬ ಮಾತು ಕೇರಿಯಲ್ಲಿ ಓಡಾಡುತ್ತಿದೆ. ಅದಕ್ಕೆ ಉತ್ತರ ಕೊಡಲೇಬೇಕು.

"ನನ್ನ ಮನೆ ರಿಪೇರಿಗೆ ಪಕ್ಕದವರ ಸಹಿ ಯಾಕ್ರೀ ಬೇಕು?" ಎಲ್ಲರೂ ಕೇಳುವ ಪ್ರಶ್ನೆ ಇದೊಂದೇ.

ಬೇಕು, ಯಾಕೆಂದರೆ ಮನೆ ಬೇರೆಯಾದರೂ ಮಾಡು ಬೇರೆಯಲ್ಲ. ನಮ್ಮ ಹಳೇ ಬೀದಿಗಳಲ್ಲಿ ಮಾಡು ಎರಡು ರೀತಿ ಇದೆ. ಕೆಲವು ಸಾಲುಗಳಲ್ಲಿ ಮಾಡು ಬೀದಿಗೂ ಹಿತ್ತಲಿಗೂ ಇಳಿಯುತ್ತದೆ. ಅಲ್ಲಿ ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪುಗಳು ಎರಡು ಮನೆಗೂ ಸೇರಿದ ನಡುಗೋಡೆಯನ್ನು ದಾಟಿ ಮುಂದಿನ ಮನೆಗೆ ಹೋಗಿರುತ್ತವೆ, ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿಕೊಂಡು ಸಾಲುದ್ದಕ್ಕೂ ಹಾಸಿರುತ್ತದೆ. ನಿಮ್ಮ ಮನೆಯ ಅಂಚಿನ ಹಂಚು ಎತ್ತಬೇಕಾದರೆ ಪಕ್ಕದ ಮನೆಯ ಎರಡು ಸಾಲಾದರೂ ಬಿಚ್ಚಲೇಬೇಕು. ರೀಪನ್ನು ಹೊರುವ ನಿಮ್ಮ ಪಕಾಸಿ ಮರ ಹೊಸದಾಯಿತು, ಅವರದ್ದು ಹಳೆಯದೇ ಬಗ್ಗಿ ನಿಂತಿದೆ ಎಂದುಕೊಳ್ಳಿ. ಎರಡು ಮಾಡಿನ ನಡುವೆ ಒಂದು ಇಂಚು ಏರುಪೇರಾದರೂ ಸಾಕು, ಹಂಚಿನ ಕಚ್ಚು ಬಿಡುತ್ತದೆ, ನೀರು ಸೀದಾ ನಡುಗೋಡೆಯೊಳಗೆ ಇಳಿಯುತ್ತದೆ. ಸೋರುವುದು ಪಕ್ಕದವರ ದೇವರಮನೆಯಲ್ಲಿ, ಬೈಗುಳ ಸಂಘಕ್ಕೆ.

ಇನ್ನು ಕೆಲವು ಸಾಲುಗಳಲ್ಲಿ ಎರಡು ಮನೆಯ ಮಾಡು ಪರಸ್ಪರ ಎದುರುಬದುರಾಗಿ ಇಳಿದು ನಡುವೆ ನೀರು ಹರಿಯುವ ತಗಡಿನ ದೋಣಿ ಇರುತ್ತದೆ. ಹಳೇ ಕೇರಿಯ ಸೋರಿಕೆಯಲ್ಲಿ ಹೆಚ್ಚಿನ ಪಾಲು ಈ ದೋಣಿಯದ್ದು. ಹಳೇ ದೋಣಿ ಆರಿಂಚು ಅಗಲಕ್ಕಿಂತ ಹೆಚ್ಚಿರುವುದು ಅಪರೂಪ. ಆಷಾಢದ ಮಳೆ ಎರಡು ಮಾಡಿನಿಂದ ಒಟ್ಟಿಗೆ ಬಂದರೆ ಅದಕ್ಕೆ ಹಿಡಿಯುವುದಿಲ್ಲ. ಎಲೆ ಕಟ್ಟಿಕೊಂಡರಂತೂ ನೀರು ಹಿಂದಕ್ಕೆ ಏರಿ ಹಂಚಿನಡಿಗೆ ನುಗ್ಗುತ್ತದೆ. ನಾವು ಈಗ ಹಾಕುವ ದೋಣಿಯ ತಳ 12 ಇಂಚು ಅಗಲ, 5 ಇಂಚು ಆಳ, ಹತ್ತು ಅಡಿಗೆ ಒಂದು ಇಂಚು ಇಳಿಜಾರು, ಎರಡೂ ಬದಿಯ ತಗಡು ಹಂಚಿನ ಕೆಳಗೆ ಆರಾರು ಇಂಚು ಹೋಗಬೇಕು. ಆ ಆರಿಂಚು ಪಕ್ಕದವರ ಮಾಡಿನೊಳಗೆ ಹೋಗುವುದು. ಅವರ ಸಹಿ ಇಲ್ಲದೆ ಅಲ್ಲಿ ಕೈಹಾಕುವ ಹಕ್ಕು ನಮಗಿಲ್ಲ, ನಿಮಗೂ ಇಲ್ಲ.

ಗೋಡೆಯದ್ದು ಇದಕ್ಕಿಂತ ಮುಖ್ಯ. ನಡುಗೋಡೆ ಬಹಳ ಕಡೆ ಮಣ್ಣಿನದ್ದು, ಇಲ್ಲವೇ ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆಯದ್ದು. ನೆಲದಿಂದ ಏರುವ ಶೀತ ಎರಡೂ ಬದಿಯಿಂದ ಆರಿಹೋಗುತ್ತಿದ್ದರೆ ಗೋಡೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಒಂದು ಬದಿಯವರು ಸಿಮೆಂಟ್ ಗಾರೆ ಬಳಿದರೆ ಆ ಬದಿ ಮುಚ್ಚಿಹೋಗುತ್ತದೆ. ಶೀತ ಇನ್ನೂ ಮೇಲಕ್ಕೆ ಏರಿ ಇನ್ನೊಂದು ಬದಿಗೆ ತಿರುಗುತ್ತದೆ. ಅಲ್ಲಿ ಬಣ್ಣ ಉದುರಿ, ಬಿಳಿ ಉಪ್ಪು ಹೊರಬಂದು, ಕೊನೆಗೆ ಗೋಡೆಯ ಬುಡ ಪುಡಿಯಾಗುತ್ತದೆ. ಸಿಮೆಂಟ್ ಬದಿ ಮಾತ್ರ ಕೆಲವು ವರ್ಷ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಹಾಳೆಯಂತೆ ಒಟ್ಟಿಗೆ ಕಳಚಿ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ತಗ್ಗಿನ ಕೇರಿಗಳಿಗೆ ನುಗ್ಗಿದ ಮೇಲೆ ಇದು ಇನ್ನಷ್ಟು ಕಡೆ ಕಾಣಿಸಿತು: ನೆರೆನೀರು ಕುಡಿದ ಮಣ್ಣಿನ ಗೋಡೆಗೆ ಆರಲು ದಾರಿಯೇ ಇಲ್ಲದಂತೆ ಸಿಮೆಂಟ್ ಬಳಿದಿದ್ದಲ್ಲಿ ಬುಡ ಒಳಗೊಳಗೇ ಕರಗಿತು. ಹಾಗಾಗಿ ನಿಮ್ಮ ಬದಿಗೆ ಸುಣ್ಣದ ಗಾರೆ ಮಾಡಿಸಿ, ಅದೇ ವರ್ಷ ಪಕ್ಕದವರು ಆಚೆ ಬದಿಗೆ ಸಿಮೆಂಟ್ ಬಳಿಸಿದರೆ ನಿಮ್ಮ ದುಡ್ಡು ನೀರಿನಲ್ಲಿ ಹೋಮ. ಸಹಿ ಕೇಳುವುದು ಈ ಕಾರಣಕ್ಕೆ.

ಹಿತ್ತಲಿನ ಚರಂಡಿಯ ಕಥೆಯೂ ಹೀಗೇ. ಮನೆಗಳ ಹಿಂದೆ ಚರಂಡಿ, ಸ್ವಚ್ಛತೆ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿಗೆ ಹೋಗುವ ಪೈಪು ನಾಲ್ಕು ಇಂಚಿನದಾದರೆ 40 ಅಡಿಗೆ ಒಂದಡಿ, ಆರಿಂಚಿನದಾದರೆ 60 ಅಡಿಗೆ ಒಂದಡಿ ಇಳಿಜಾರು ಬೇಕು. ಒಬ್ಬರು ಹಿತ್ತಲನ್ನು ಎತ್ತರಿಸಿ ಟೈಲ್ಸ್ ಹಾಕಿಸಿದರೆ ಆ ಇಳಿಜಾರು ಕೆಡುತ್ತದೆ. ಮಾಡಿನ ನೀರನ್ನು ಒಳಚರಂಡಿಗೇ ಬಿಟ್ಟರೆ ಜೋರು ಮಳೆಗೆ ಛೇಂಬರ್ ತುಂಬಿ, ಸಾಲಿನಲ್ಲಿ ಅತಿ ತಗ್ಗಿನ ಮನೆಯ ಬಚ್ಚಲಲ್ಲಿ ಕೊಳಕು ನೀರು ಮೇಲೇಳುತ್ತದೆ. ಮಳೆನೀರಿಗೆ ಬೇರೆ ದಾರಿ ಕೊಡದ ಮನೆಯ ಕೆಲಸ ನಾವು ಹಿಡಿಯುವುದಿಲ್ಲ. ಇದರಲ್ಲಿ ರಾಜಿ ಇಲ್ಲ.

ಈಗ ದುಡ್ಡಿನ ವಿಚಾರ. ಸಿಮೆಂಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ನೀವೇಕೆ ದರ ಇಳಿಸಲಿಲ್ಲ ಎಂದು ಬಹಳ ಜನ ಕೇಳಿದರು. ನಮ್ಮ ಕೆಲಸದಲ್ಲಿ ಸಿಮೆಂಟ್ ಬಳಕೆ ಎಲ್ಲಿದೆ? ಛೇಂಬರಿಗೆ, ಮಾಡಿನ ನೆತ್ತಿಯ ಹಂಚು ಕೂರಿಸಲು ಒಂದಿಷ್ಟು, ಅಷ್ಟೇ. ನಮ್ಮ ಬಿಲ್ಲಿನ ಮೇಲೆ ಬೀಳುವುದು ರಿಪೇರಿ ಗುತ್ತಿಗೆಯ ಶೇ. 18 ತೆರಿಗೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದವರಿಗೆ ನೋಂದಣಿ ಕಡ್ಡಾಯ. ಒಬ್ಬರೇ ದುಡಿಯುವ ಮೇಸ್ತ್ರಿಗೆ ಆ ಹೊರೆ ಇಲ್ಲ, ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ಆರಂಭದಲ್ಲೇ ಅಷ್ಟು ಅಂತರ. ಆ ತೆರಿಗೆಯ ಹಣ ಸಂಘದ ಕೈಯಲ್ಲಿ ಉಳಿಯುವುದಿಲ್ಲ.

ಹಂಚಿನದ್ದು ನೋಡಿ. 100 ಚದರಡಿ ಮಾಡಿಗೆ ಸುಮಾರು 140 ಹಂಚು. 700 ಚದರಡಿ ಮಾಡಿಗೆ ಸಾವಿರದ ಹತ್ತಿರ. ಒಂದು ಹಂಚು ಎರಡೂವರೆ ಕೆಜಿ ಎಂದರೂ ಒಟ್ಟು ಎರಡೂವರೆ ಟನ್. ಇದನ್ನು ಇಳಿಸಿ, ಬ್ರಷ್ ಹಾಕಿ ಪಾಚಿ ತೆಗೆದು, ಬೆರಳಲ್ಲಿ ತಟ್ಟಿ ಸದ್ದು ಕೇಳಿ ಬಿರುಕಿನದ್ದನ್ನು ಬೇರ್ಪಡಿಸಿ, ಮತ್ತೆ ಏರಿಸಬೇಕು. ನೂರಕ್ಕೆ ಹತ್ತು ಹದಿನೈದು ಒಡೆಯುವುದು ಎಷ್ಟು ಎಚ್ಚರ ವಹಿಸಿದರೂ ತಪ್ಪುವುದಿಲ್ಲ. ಒಡೆದದ್ದಕ್ಕೆ ಬದಲು ಯಾವುದೋ ಹಂಚು ಹಾಕಲಾಗದು: ಬೇರೆ ಬೇರೆ ಕಾರ್ಖಾನೆಯ ಹಂಚಿನ ಕಚ್ಚು ಒಂದಕ್ಕೊಂದು ಕೂರುವುದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಬಹುಪಾಲು ಮುಚ್ಚಿಯೂ ಹೋದವು. ನಿಮ್ಮ ಮಾಡಿನ ಅಚ್ಚಿನ ಹಂಚು ಬೇಕಾದರೆ ಎಲ್ಲಿ ಹಳೇ ಮನೆ ಬೀಳಿಸುತ್ತಾರೋ ಅಲ್ಲಿಗೆ ಹೋಗಿ ಆರಿಸಿ ತರಬೇಕು. ಬಿಡಿ ಮನೆಗೆ ನೂರು ಹಂಚು ತರಲೂ ಒಂದು ಟೆಂಪೋ ಬಾಡಿಗೆ. ಐದು ಮನೆಗೆ ಐನೂರು ತಂದರೂ ಅದೇ ಒಂದು ಬಾಡಿಗೆ. ಮೂರಾಳು ಅಗಲದ ಓಣಿಗೆ ಟೆಂಪೋ ಬರುವುದಿಲ್ಲ, ಓಣಿಯ ಬಾಯಲ್ಲಿ ಇಳಿಸಿ ಕೈಗಾಡಿಯಲ್ಲಿ ತಳ್ಳಬೇಕು. ಈ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸುಣ್ಣದ ಗಾರೆ ನಿಧಾನ ಎಂಬ ದೂರೂ ಇದೆ. ನಿಧಾನವೇ, ಅದನ್ನು ಬೇಗ ಮಾಡುವ ದಾರಿ ಇಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿ ಅರಳಿಸಿ, ಜರಡಿ ಹಿಡಿದು, ಮೇಲೆ ನೀರು ನಿಂತಿರುವಂತೆ ಕನಿಷ್ಠ 3 ವಾರ ತೊಟ್ಟಿಯಲ್ಲಿ ಬಿಡಬೇಕು. ಅರಳದ ಹರಳು ಗಾರೆಯಲ್ಲಿ ಸೇರಿದರೆ ತಿಂಗಳುಗಳಾದ ಮೇಲೆ ಗೋಡೆಯಲ್ಲೇ ಅರಳಿ ಗಾರೆಯನ್ನು ಸಿಡಿಸುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಬುಡದ ಮೂರಡಿಗೆ ಮಾತ್ರ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ಮರಳು. ಮೊದಲ ಪದರ ಅರ್ಧ ಇಂಚು. ಅದು ವಾರ, ಹತ್ತು ದಿನ ಎಳೆದುಕೊಂಡ ಮೇಲೆ ಎರಡನೆಯದು ಕಾಲಿಂಚು. ಬಿಸಿಲು ನೇರ ಬೀಳುವ ಗೋಡೆಗೆ ಗೋಣಿಚೀಲ ಇಳಿಬಿಟ್ಟು ತೇವ ಕಾಯಬೇಕು, ಇಲ್ಲವಾದರೆ ಕೂದಲೆಳೆಯಂಥ ಬಿರುಕು ಬರುತ್ತದೆ. ಪದರ ಆರುವ ವಾರದಲ್ಲಿ ಗಾರೆಯವರು ಬಿಡಿ ಮನೆಯಲ್ಲಿ ಕೈಕಟ್ಟಿ ಕೂರಬೇಕು. ಸಾಲಿನಲ್ಲಾದರೆ ಒಂದನೇ ಮನೆ ಆರುವಷ್ಟರಲ್ಲಿ ಮೂರನೇ ಮನೆಯ ಮೊದಲ ಪದರ ಮುಗಿದಿರುತ್ತದೆ. ನಿಂತು ಕೆಲಸ ಮಾಡುವ ಸಾರ್ವೆಯ ಗಳವೂ ಕಟ್ಟಿದಲ್ಲಿಂದ ಪಕ್ಕಕ್ಕೆ ಸರಿದರೆ ಸಾಕು. ಖರ್ಚು ಇಳಿಯುವುದು ಇಲ್ಲೇ, ಬೇರೆ ಯಾವ ಗುಟ್ಟೂ ಇಲ್ಲ. ಕೆಲಸಗಾರರಿಗೂ ದಿನ ತಪ್ಪುವುದಿಲ್ಲ: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದಾಖಲೆ ಬೇಕು, ಬಿಡಿ ಕೆಲಸದಲ್ಲಿ ಅದು ಜೋಡಿಸುವುದು ಕಷ್ಟ.

ಹಂಚು ತೆಗೆದು ಶೀಟ್ ಹಾಕಿಕೊಡಿ ಎನ್ನುವವರಿಗೆ ಒಂದು ಮಾತು. ಹಿತ್ತಲಿನ ಇಳಿಮಾಡಿಗೆ ಹಾಕಿಕೊಡುತ್ತೇವೆ. ಸಾಲಿನ ನಡುವಿನ ಮನೆಗೆ ಹಾಕುವುದಿಲ್ಲ. ಶೀಟಿನ ಮೇಲೆ ನೀರು ತಡೆಯಿಲ್ಲದೆ ರಭಸದಿಂದ ಬಂದು ದೋಣಿಯನ್ನು ಹಾರಿ ಪಕ್ಕದ ಹಂಚಿನಡಿಗೆ ಬೀಳುತ್ತದೆ. ಹಂಚಿನ ಭಾರ ಹೋದ ಮೇಲೆ ಹಗುರವಾದ ಮಾಡನ್ನು ಗಾಳಿ ಎತ್ತದಂತೆ ಗೋಡೆಗೆ ಬಿಗಿಯಬೇಕು, ಮಣ್ಣಿನ ಗೋಡೆ ಆ ಬೋಲ್ಟನ್ನು ಹಿಡಿಯುವುದಿಲ್ಲ. ಕೋತಿ ಕಾಟಕ್ಕೆ ಶೀಟೇ ಪರಿಹಾರ ಎಂದೂ ಅನ್ನುತ್ತಾರೆ. ಸೂರಿನ ಎರಡು ಸಾಲು ಮತ್ತು ನೆತ್ತಿಯ ಪಕ್ಕದ ಒಂದು ಸಾಲು ಹಂಚನ್ನು ರೀಪಿಗೆ ತಂತಿಯಿಂದ ಕಟ್ಟಿದರೆ ಕೋತಿ ಸರಿಸುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಇದನ್ನು ಎಲ್ಲ ಮನೆಗೂ ಅಂದಾಜಿನಲ್ಲೇ ಸೇರಿಸಿದ್ದೇವೆ.

ಲೆಕ್ಕ ಹೀಗಿರುತ್ತದೆ. ನಡುಗೋಡೆ, ದೋಣಿ, ಚರಂಡಿ, ಸಾರ್ವೆ, ಸಾಗಾಣಿಕೆ ಇವು ಸಾಮಾನ್ಯ ಖರ್ಚು; ಬೀದಿ ಮುಖದ ಅಡಿ ಲೆಕ್ಕದಲ್ಲಿ ಹಂಚಿಕೆ. ಉದಾಹರಣೆಗೆ ಐದು ಮನೆಗಳ ಮುಖ 18, 22, 16, 24, 20 ಅಡಿ, ಒಟ್ಟು 100 ಅಡಿ. ಸಾಮಾನ್ಯ ಖರ್ಚು 2,50,000 ರೂ. ಆದರೆ ಅಡಿಗೆ 2,500. 16 ಅಡಿಯವರದ್ದು 40,000, 24 ಅಡಿಯವರದ್ದು 60,000. ಒಳಗಿನ ಪಕಾಸಿ, ರೀಪು, ಹಂಚು, ಗಾರೆ ಅವರವರ ಮನೆಯ ಅಳತೆಯಂತೆ, ಬೇರೆ ಬಿಲ್ಲು. ಮರದ ಬಿಲ್ಲು, ಅರಣ್ಯ ಇಲಾಖೆಯ ಸಾಗಾಣಿಕೆ ಪಾಸಿನ ನಕಲು ಸಹಿತ ಕೊಡುತ್ತೇವೆ. ಯಾವ ಪಕಾಸಿ ಬದಲಾಗಬೇಕು ಎಂಬುದನ್ನು ಹಂಚು ಇಳಿಸಿದ ಮೇಲೆ ಮನೆಯವರ ಎದುರೇ ತುದಿಗೆ ಉಳಿ ಚುಚ್ಚಿ ತೋರಿಸಿಯೇ ತೀರ್ಮಾನ. ಗೋಡೆಯೊಳಗೆ ಕೂರುವ ತುದಿಗೇ ಒರಲೆ ಮೊದಲು ಹತ್ತುವುದು, ಕೆಳಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಬೀಗ ಹಾಕಿದ ಮನೆ ಪ್ರತಿ ಸಾಲಿನಲ್ಲೂ ಒಂದಿದೆ. ವಾರಸುದಾರರು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ, ಖಾತೆ ಇನ್ನೂ ಅಜ್ಜನ ಹೆಸರಲ್ಲಿರುತ್ತದೆ. ಅವರಿಗೆ ಸಂಘದಿಂದ ಪತ್ರ ಬರೆಯುತ್ತೇವೆ, ಒಪ್ಪಿಗೆಪತ್ರದ ನಮೂನೆ ಕಳಿಸುತ್ತೇವೆ. ಉತ್ತರ ಬರದಿದ್ದರೆ ಆ ಬದಿಯ ನಡುಗೋಡೆಗೆ ತಗಡನ್ನು ಆರಿಂಚು ಮೇಲಕ್ಕೆ ಮಡಿಸಿ, ತುದಿಯನ್ನು ಒಂದಿಂಚು ಗಾರೆಯೊಳಗೆ ಸೇರಿಸಿ ನಿಲ್ಲಿಸುತ್ತೇವೆ. ಇದು ತಾತ್ಕಾಲಿಕ. ಆ ಬದಿಯ ಸೋರಿಕೆಗೆ ನಮ್ಮ ಗ್ಯಾರಂಟಿ ಇರುವುದಿಲ್ಲ. ಉಳಿದ ಮಾಡಿಗೆ ಮೂರು ಮಳೆಗಾಲದ ಗ್ಯಾರಂಟಿ ಹಾಗೇ ಇದೆ.

ಬಾಡಿಗೆದಾರರು ನಮ್ಮನ್ನು ಕೇಳಿದ್ದು ಬೇರೆ: ಬೀದಿ ಚೆಂದವಾದ ಮೇಲೆ ನಮ್ಮನ್ನು ಎಬ್ಬಿಸುತ್ತಾರಲ್ಲ? ಭಯ ನ್ಯಾಯವಾದದ್ದೇ. ಇಂಗ್ಲೆಂಡಿನ ಲಿವರ್‌ಪೂಲ್‌ನ ಗ್ರ್ಯಾನ್‌ಬಿ ಬೀದಿಗಳಲ್ಲಿ ಪಾಳುಬಿದ್ದ ಸಾಲು ಮನೆಗಳನ್ನು ಉಳಿಸಲು ನಿವಾಸಿಗಳೇ 2011ರಲ್ಲಿ ಟ್ರಸ್ಟ್ ಕಟ್ಟಿದಾಗ, ಮನೆಯ ಬೆಲೆಯನ್ನು ಆ ಭಾಗದವರ ದುಡಿಮೆಗೆ ಹೊಂದಿಸಿ ಮೊದಲೇ ಕರಾರು ಮಾಡಿಕೊಂಡರು. ಅಷ್ಟು ದೊಡ್ಡದು ನಮ್ಮ ಕೈಲಾಗದು. ನಮ್ಮ ಕರಾರಿನಲ್ಲಿ ಒಂದು ಕಲಂ ಹಾಕಿದ್ದೇವೆ: ರಿಪೇರಿಗೆಂದು ಮನೆ ಬಿಟ್ಟುಕೊಟ್ಟ ಬಾಡಿಗೆದಾರರು ಅದೇ ಮನೆಗೆ ಮರಳಬೇಕು, ಎರಡು ವರ್ಷ ಬಾಡಿಗೆ ಏರಿಸಬಾರದು. ಇದಕ್ಕೆ ಸಹಿ ಹಾಕಿದ ಮಾಲೀಕರಿಗೆ ಸಾಮಾನ್ಯ ಖರ್ಚನ್ನು ಹತ್ತು ಕಂತಿನಲ್ಲಿ, ಬಡ್ಡಿಯಿಲ್ಲದೆ ಕಟ್ಟುವ ಅವಕಾಶ. ಬಡ್ಡಿಯ ನಷ್ಟ ಸಂಘದ್ದು. ನಾವು ಗೊತ್ತಿದ್ದೇ ಹೊತ್ತುಕೊಂಡದ್ದು.

ಈ ಬೇಸಿಗೆಗೆ ಹೆಸರು ಕೊಡುವವರು ಕಾರ್ತಿಕ ಮಾಸ ಮುಗಿಯುವುದರೊಳಗೆ ಮೂರು ಮನೆಯವರಾದರೂ ಒಟ್ಟಿಗೆ ಕಚೇರಿಗೆ ಬನ್ನಿ. ಪ್ರತಿ ಮನೆಯ ಖಾತೆ ನಕಲು, ಈ ಸಲದ ಕಂದಾಯ ರಸೀದಿ, ಸೋರುವ ಜಾಗದ ಮೊಬೈಲ್ ಫೋಟೋ ತನ್ನಿ. ಫೋಟೋ ಮಳೆ ಬೀಳುವಾಗ ತೆಗೆದದ್ದಾದರೆ ಉತ್ತಮ. ಒಣಗಿದ ಮೇಲೆ ಕಲೆ ಕಾಣುತ್ತದೆ, ನೀರಿನ ದಾರಿ ಕಾಣುವುದಿಲ್ಲ. ತಪಾಸಣೆ ಶುಲ್ಕ ಮನೆಗೆ 500 ರೂ., ಕೆಲಸ ಹಿಡಿದರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ರೋಹಿಣಿ ಮಳೆಗೆ ಮುಂಚೆ ಮಾಡು ಮುಚ್ಚಲೇಬೇಕಾದ್ದರಿಂದ ಮಾರ್ಚ್ ನಂತರ ಹೊಸ ಸಾಲಿನ ಹಂಚು ಇಳಿಸುವುದಿಲ್ಲ. ಪಕ್ಕದ ಮನೆಯವರ ಜೊತೆ ಮಾತಿಲ್ಲ ಎನ್ನುವವರು ಸಂಕೋಚಪಡಬೇಡಿ, ನಮಗೆ ತಿಳಿಸಿ. ನಮ್ಮ ನಿರ್ದೇಶಕರಲ್ಲಿ ಇಬ್ಬರು ಬಂದು ಅವರ ಜಗಲಿಯಲ್ಲಿ ಕೂತು ಮಾತಾಡುತ್ತಾರೆ.

ಆಡಳಿತ ಮಂಡಳಿಯ ಪರವಾಗಿ,
ಕಾರ್ಯದರ್ಶಿ