ಜಾಕೆಟ್‌ನ ಬಕಲ್ ನೋಡಿ, ಆಮೇಲೆ ಲಂಗರು ಎತ್ತಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಾವು ಐವರು ಗೆಳತಿಯರು ಶಿವಮೊಗ್ಗದಿಂದ ಬಂದು, ಮಲ್ಪೆಯಲ್ಲಿ ಮೋಟಾರು ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರೂ ಬೇರೆಯಾಗುವ ಕಾಲದಲ್ಲಿ, ಲಾವಾ ತಣಿದು ಬಿರಿದು ನಿಂತ ಕಲ್ಲುಕಂಬಗಳು ಅಲ್ಲಿವೆ. ಅವುಗಳಲ್ಲೊಂದನ್ನು ಮುಟ್ಟಿದೆ. ಬಿಸಿಲಿಗೆ ಕಾದಿತ್ತು, ಅಂಚು ಬಡಗಿ ಕೆತ್ತಿದಷ್ಟು ನೇರ. ನಾನು ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು. ಕಣ್ಣು ತುಂಬಿ ಬಂತು.

ಆದರೆ ವಾಪಸು ಬರುವಾಗ ಕೊಟ್ಟ ಲೈಫ್ ಜಾಕೆಟ್‌ನ ಬಕಲ್ ಮುರಿದಿತ್ತು. ಕೇಳಿದರೆ, "ಹಾಗೇ ಹಿಡ್ಕೊಳ್ಳಿ ಅಮ್ಮಾ, ಹತ್ತಿರವೇ ಅಲ್ವಾ" ಎಂದರು. ಮಧ್ಯಾಹ್ನದ ಗಾಳಿಗೆ ಅಲೆ ಎದ್ದಿತ್ತು. ಪಕ್ಕದಲ್ಲಿದ್ದ ನಾಲ್ಕೈದು ವರ್ಷದ ಹುಡುಗನಿಗೆ ದೊಡ್ಡವರ ಜಾಕೆಟ್ ತೊಡಿಸಿದ್ದರು, ಅದು ಅವನ ಕಿವಿಯವರೆಗೂ ಮುಚ್ಚಿತ್ತು. ದಡ ಮುಟ್ಟುವವರೆಗೂ ಅವನ ತೋಳನ್ನು ನಾನು ಬಿಡಲಿಲ್ಲ.

ಬೋಟ್ ನಡೆಸಿದ ಹುಡುಗರು ಸಮುದ್ರ ಬಲ್ಲವರು, ಅವರ ಮೇಲೆ ನನಗೆ ದೂರಿಲ್ಲ. ಆದರೆ ಮಕ್ಕಳ ಅಳತೆಯ ಜಾಕೆಟ್‌ಗಳನ್ನು ಇಡಲಿ, ಪ್ರತಿ ಬೋಟ್ ಹೊರಡುವ ಮೊದಲು ಯಾರಾದರೂ ಒಬ್ಬರು ಒಂದೊಂದೇ ಬಕಲ್ ಎಳೆದು ನೋಡಲಿ. ಸಂಬಂಧಪಟ್ಟವರು ಬರುವ ಭಾನುವಾರದೊಳಗೇ ಇಷ್ಟು ಮಾಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಶಿವಮೊಗ್ಗ