ಥಿನ್ನರ್ ವಿಷಯ, ಮಗಳಿಗೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನ್ ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ನಾನು ಕೂಗಾಡಿದ್ದು ಜಾಸ್ತಿಯಾಯ್ತು, ಇರಲಿ. ಆದರೆ ನೀನು ಕಳಿಸಿದ ಫೋಟೋ ಇನ್ನೊಮ್ಮೆ ನೋಡು. ನೀನು ತೋರಿಸಿದ್ದು ನೀನೇ ಮಾಡಿ ಬಣ್ಣ ಹೊಡೆದ ಪುಟಾಣಿ ಮಾಡೆಲ್ ವಿಮಾನ. ನನಗೆ ಕಂಡಿದ್ದು ಮೇಜಿನ ಮೇಲೆ ಮುಚ್ಚಳ ತೆಗೆದ ಲ್ಯಾಕರ್ ಥಿನ್ನರ್ (ಬಣ್ಣ ತೆಳುಮಾಡುವ, ಬೇಗ ಹತ್ತಿಕೊಳ್ಳುವ ದ್ರವ), ಕೆಳಗೆ ಸೊಳ್ಳೆ ಬತ್ತಿ.

ಥಿನ್ನರ್ ಆವಿ ಗಾಳಿಗಿಂತ ಭಾರ. ಕಿಟಕಿ ತೆಗೆದಿದ್ದೆ ಅಂದೆ. ಅದು ಕಿಟಕಿಯವರೆಗೆ ಏರಲ್ಲ ಪುಟ್ಟಿ, ನೆಲಕ್ಕಿಳಿದು ಹರಡುತ್ತೆ. ಬತ್ತಿ ಹಚ್ಚೋಕೆ ಅಲ್ಲೇ ಕೂತು ಕಡ್ಡಿ ಗೀರಿರುತ್ತೀಯ, ಅಲ್ವಾ? ನನ್ನ ಎಡಗೈ ಕಥೆ ಮತ್ತೆ ಹೇಳಲ್ಲ. ನಿನ್ನ ಹೇರ್‌ಸ್ಪ್ರೇ ಡಬ್ಬಿಯೂ ಹತ್ತಿಕೊಳ್ಳುವ ಮಾಲೇ. ಪಿ.ಜಿ. ರೂಮು, ಒಂದೇ ಬಾಗಿಲು. ರಾತ್ರಿ ಇದನ್ನೇ ಯೋಚಿಸುತ್ತಾ ಮಲಗಿರುತ್ತೇನೆ.

‘ಇದು ನಿಮ್ಮ ಗ್ಯಾರೇಜ್ ಅಲ್ಲ’ ಅಂದೆ. ನಿಜ. ನಮ್ಮ ಗ್ಯಾರೇಜಿಗೆ ಮೂರು ಕಡೆ ಗೋಡೆಯೇ ಇರಲಿಲ್ಲ.

ಆ ಕಿ-61 ಹಿಯೆನ್, ಎರಡನೇ ಮಹಾಯುದ್ಧದ ಜಪಾನಿ ಫೈಟರ್ ವಿಮಾನದ ಮಾಡೆಲ್ ಮಾತ್ರ ಚೆನ್ನಾಗಿ ಬಂದಿದೆ. ರೆಕ್ಕೆ ಸೇರುವ ಕಡೆ ಸಂದು ತುಂಬೋಕೆ ಫಿಲ್ಲರ್ ಹಾಕಿದ್ದು ಗೊತ್ತೇ ಆಗಲ್ಲ. ನೀರು ಹಾಕಿ ಉಜ್ಜಿ ನುಣುಪು ಮಾಡುವ ವಾಟರ್ ಪೇಪರ್ ಹಿಡಿಯೋಕೆ ನಮ್ಮ ಹುಡುಗರಿಗೆ ವರ್ಷಗಟ್ಟಲೆ ಹೇಳಿಕೊಟ್ಟರೂ ಹೀಗೆ ಬರುತ್ತಿರಲಿಲ್ಲ. ನಾನೂ ಆ ವಿಮಾನದ ಬಗ್ಗೆ ಹುಡುಕಿ ಓದಿದೆ. ಎಂಜಿನ್ ಜರ್ಮನಿಯ ಡೈಮ್ಲರ್-ಬೆಂಜ್ ಲೈಸೆನ್ಸಿನದಂತೆ. 1943ರಲ್ಲಿ ನ್ಯೂಗಿನಿಗೆ ಹೋಗಿದ್ದ ವಿಮಾನಗಳಲ್ಲಿ ಬರಿ ಅಲ್ಯೂಮಿನಿಯಂ ಮೇಲೇ ಹಸಿರು ಬಳಿದು ಹಾರಿಸಿದ್ದರಂತೆ. ಪ್ರೈಮರ್ ಇಲ್ಲದೆ ಅಲ್ಯೂಮಿನಿಯಂ ಬಣ್ಣ ಹಿಡಿಯುತ್ತಾ? ಚಕ್ಕೆ ಚಕ್ಕೆಯಾಗಿ ಏಳದೆ ಇನ್ನೇನು!

ನಿನ್ನ ಮಾಡೆಲಿನ ಹಸಿರು ಹಾಗೆ ಚಕ್ಕೆ ಏಳುತ್ತಿಲ್ಲ ಅಂತ ಅಳುತ್ತಿದ್ದೆಯಲ್ಲ, ಅದಕ್ಕೂ ಆ ಥಿನ್ನರೇ ಕಾರಣ. ಸಿಲ್ವರ್ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಹಸಿರು ಹೊಡೆದು, ಆಮೇಲೆ ನೀರು ಹಚ್ಚಿ ಹಸಿರನ್ನು ಉದುರಿಸೋದು ತಾನೇ ನಿನ್ನ ಉಪಾಯ? ಹೇರ್‌ಸ್ಪ್ರೇ ಕರಗೋದು ನೀರಿಗೆ. ಮೇಲಿನ ಹಸಿರನ್ನು ದಾಟಿ ನೀರು ಒಳಗೆ ಇಳಿಯಬೇಕು. ನೀನು ಅಕ್ರಿಲಿಕ್ ಬಣ್ಣಕ್ಕೆ ಲ್ಯಾಕರ್ ಥಿನ್ನರ್ ಬೆರೆಸಿದ್ದೀಯ, ಅದು ಕಚ್ಚಿ ಕೂತಿದೆ. ಆ ಬಣ್ಣದ ಕಂಪನಿಯದೇ ಅಕ್ರಿಲಿಕ್ ಥಿನ್ನರ್ ಸಿಗುತ್ತೆ, ಅದನ್ನೇ ಹಾಕು. ತೆಳ್ಳಗೆ ಹೊಡಿ, ಅವತ್ತೇ ಉದುರಿಸು. ಒದ್ದೆ ಬ್ರಷ್‌ನಲ್ಲಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಕೂದಲಿನ ಗಿಡ್ಡ ಬ್ರಷ್‌ನಲ್ಲಿ ಮೆಲ್ಲಗೆ ಕುಟ್ಟು. ಉಜ್ಜಬೇಡ. ನಿನ್ನ ಮಾಡೆಲ್ ನಿಜವಾದ ವಿಮಾನದ 48ನೇ ಒಂದರಷ್ಟು (1/48). ಒಂದು ಮಿಲಿಮೀಟರ್ ಚಕ್ಕೆ ಎದ್ದರೆ ನಿಜವಾದ ವಿಮಾನದಲ್ಲಿ ಹತ್ತಿರ ಹತ್ತಿರ 5 ಸೆಂಟಿಮೀಟರ್. ಪೈಲಟ್ ಹತ್ತಿ ಇಳಿಯುವ ರೆಕ್ಕೆಯ ಬುಡದಲ್ಲಿ ಜಾಸ್ತಿ ಉದುರಲಿ, ಬಾಲದ ಕಡೆ ಕಮ್ಮಿ.

ನೋಡು, ಪಾಠ ಶುರುಮಾಡಿಬಿಟ್ಟೆ. ನೀನು ಕೇಳಿದ್ದು ‘ಹೇಗಿದೆ’ ಅಂತ ಅಷ್ಟೇ.

ಕೆಳಗಿನ ಸಿಲ್ವರ್ ಕೋಟಿಗೆ ಲ್ಯಾಕರ್ ಬೇಕೇ ಬೇಕು ಅಂದರೆ ಟೆರೇಸಿಗೆ ಹೋಗು, ಹಗಲು ಹೊತ್ತಲ್ಲಿ. ಕೊರೊನಾ ಕಾಲದ ಎನ್-95 ಸಾಲದು, ಅದು ಬಣ್ಣದ ಕಣ ತಡೆಯುತ್ತೆ, ಆವಿ ತಡೆಯಲ್ಲ. ನಮಗೆ ಕರ್ಚೀಫೇ ಗತಿಯಾಗಿತ್ತು, ನನ್ನ ಕೆಮ್ಮು ನೀನೇ ಕೇಳಿದ್ದೀಯ. ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಒಂದನ್ನು ನಿನ್ನೆ ಕೊರಿಯರ್‌ಗೆ ಹಾಕಿದ್ದೇನೆ. ಬೆಲೆ ಅಮ್ಮನಿಗೆ ಹೇಳಬೇಡ. ಮುಖಕ್ಕೆ ಬಿಗಿಯಾಗಿ ಕೂರದಿದ್ದರೆ ಬದಲಾಯಿಸಿ ಕೊಡುತ್ತಾರಂತೆ, ಬಿಲ್ ಬಿಸಾಡಬೇಡ.

ಇಂತಿ,
ಅಪ್ಪ