600 ವ್ಯಾಟ್ ಮೋಟರನ್ನು ಸುಟ್ಟು, ತಪ್ಪನ್ನು ಅದರ ಮೇಲೇ ಹೊರಿಸಿದ್ದರ ಬಗ್ಗೆ

ಇಂದ:
ನಿಮ್ಮ ಗ್ರಾಹಕಿ, ಬಸವನಗುಡಿ, ಬೆಂಗಳೂರು

ಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ರಿಪೇರಿಗೆ ಕೊಟ್ಟ ಹಳೆಯ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್‌ನ ಮೋಟರ್ ಸುಟ್ಟಿರುವುದು ಮತ್ತು ಅದಕ್ಕೆ 1,450 ರೂಪಾಯಿ ಬಿಲ್ಲು ಹಾಕಿರುವುದು

ಮಾನ್ಯರೇ,

ನಿಮ್ಮ ಕಾಲ್ ಸೆಂಟರಿಗೆ ಐದು ಸಲ ಫೋನ್ ಮಾಡಿದ್ದೇನೆ. ಐದು ಸಲವೂ ಒಂದೊಂದು ದೂರಿನ ನಂಬರ್ ಕೊಟ್ಟು, 48 ಗಂಟೆಯೊಳಗೆ ಕರೆ ಮಾಡುತ್ತೇವೆ ಅಂದರು. ಕರೆ ಬರಲಿಲ್ಲ. ನಿನ್ನೆ ಬಂದದ್ದು ಬಾಕಿ ಬಿಲ್ಲು ಕಟ್ಟಿ ಎಂಬ ಮೆಸೇಜು. ಹಾಗಾಗಿ ಈ ಪತ್ರ.

ಮೆಷಿನ್ ನನ್ನ ಚಿಕ್ಕಮ್ಮನದು. 1960ರ ದಶಕದ, ನಿಲ್ಲಿಸಿ ತಳ್ಳುತ್ತಾ ಗುಡಿಸುವಂಥ, ಹೂವರ್ ಕಂಪನಿಯ ಅಪ್‌ರೈಟ್. ಅಮೆರಿಕದ ಒಹಾಯೊದ ಕ್ಯಾಂಟನ್‌ನಲ್ಲಿದ್ದಾಗ, 1974ರಲ್ಲಿ, ಸೆಕೆಂಡ್ ಹ್ಯಾಂಡ್ ಕೊಂಡದ್ದು. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಜಾಡಮಾಲಿ, ದೂಳಿನಿಂದ ಉಬ್ಬಸ ಬಂದು ಸಾಕಾಗಿ, ಫ್ಯಾನಿನ ಮೋಟರಿಗೆ ಪೊರಕೆ ಕೋಲು, ದಿಂಬಿನ ಚೀಲ ಕಟ್ಟಿ ಕಸ ಹೀರುವ ಯಂತ್ರ ಮಾಡಿದ್ದು ಅದೇ ಊರಿನಲ್ಲಿ. 1908ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಹೂವರ್ ಕುಟುಂಬ ಅದನ್ನು ಕೊಂಡುಕೊಂಡಿತು. ಚಿಕ್ಕಮ್ಮ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. 2009ರಲ್ಲಿ ಅವರು ಬೆಂಗಳೂರಿಗೆ ವಾಪಸ್ ಬಂದಾಗ ಮೆಷಿನ್ನೂ ಬಂತು. ಅಂದಿನಿಂದ ಇಲ್ಲಿನ 230 ವೋಲ್ಟನ್ನು ಆ ಅಮೆರಿಕದ ಮೆಷಿನ್ನಿಗೆ ತಕ್ಕಂತೆ 110ಕ್ಕೆ ಇಳಿಸುವ, 1000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರಿನ ಮೇಲೆ ಒಂದು ದಿನವೂ ತಕರಾರಿಲ್ಲದೆ ಓಡಿದೆ.

ಈಗ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಕಿಡಿ ಹಾರುತ್ತಿತ್ತು, ಬೆಲ್ಟ್ ಸಡಿಲವಾಗಿತ್ತು. ಇದ್ದದ್ದು ಆ ಎರಡೇ ಕೆಲಸ. ಜಾಬ್ ಕಾರ್ಡಿನಲ್ಲಿ ನಿಮ್ಮವರು ಅಷ್ಟನ್ನೇ ಬರೆದುಕೊಂಡರು. ಅದರ ಕೆಳಗೆ ನಾನೇ ಕೆಂಪು ಪೆನ್ನಿನಲ್ಲಿ "120 ವೋಲ್ಟ್, ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಬಾರದು" ಎಂದು ಸೇರಿಸಿ, ಟ್ರಾನ್ಸ್‌ಫಾರ್ಮರನ್ನು ಡಬ್ಬಿಯಲ್ಲಿಟ್ಟು ಕೊಟ್ಟೆ.

ಹತ್ತು ದಿನವಾದ ಮೇಲೆ ಬರಹೇಳಿದರು. ನಾನೂ ಚಿಕ್ಕಮ್ಮನೂ ಹೋದೆವು. ಅವರಿಗೆ 81 ವರ್ಷ. ಟೋಕನ್ ತೆಗೆದುಕೊಂಡು ನಲವತ್ತು ನಿಮಿಷ ಕೂತೆವು. ನಮ್ಮ ಹಿಂದೆ ಏಳೆಂಟು ಜನ ಇದ್ದರು. ನಿಮ್ಮ ಸೂಪರ್‌ವೈಸರ್ ಮೆಷಿನ್ನನ್ನು ಕೌಂಟರಿನ ಮೇಲೆ ಮಲಗಿಸಿ, ಮೋಟರ್ ಸುಟ್ಟಿದೆ ಅಂದು, ಹೊಟ್ಟೆಯ ಪ್ಲೇಟು ಓದಿದರು: "120 ವೋಲ್ಟ್, 5 ಆಂಪ್ಸ್. ಅಂದ್ರೆ ಅರುನೂರು ವ್ಯಾಟ್." ಆಮೇಲೆ ನಮ್ಮನ್ನು ಬಿಟ್ಟು ಹಿಂದಿದ್ದವರನ್ನು ನೋಡಿ, "ನಮ್ಮನೆ ಮಿಕ್ಸಿನೇ ಏಳುನೂರೈವತ್ತು ವ್ಯಾಟ್ ಇದೆ ಸಾರ್!" ಅಂದರು. ಜನ ನಕ್ಕರು. ಚಿಕ್ಕಮ್ಮ ಎದ್ದು ಬಂದು, "ಅಪ್ಪಾ, ಇದಕ್ಕೆ ಕರೆಂಟ್ ನೇರ ಕೊಟ್ರಾ?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ಉತ್ತರ ಏನು ಬಂತು ಗೊತ್ತೇ? "ಅಜ್ಜಿ, ನೀವು ಕೂತ್ಕೊಳ್ಳಿ." ನಾನು ಅದೇ ಪ್ರಶ್ನೆ ಕೇಳಿದಾಗ, "ಮೇಡಂ, ಇದೆಲ್ಲ ಟೆಕ್ನಿಕಲ್. ಮನೆಯವ್ರನ್ನ ಕಳಿಸಿ, ಅವ್ರಿಗೆ ಹೇಳ್ತೀನಿ" ಅಂದರು. ಬಿಲ್ಲಿನ ಮೇಲೆ "ಮೋಟರ್ ಕಡಿಮೆ ಪವರ್, ಲೋಡ್ ತಡೆಯದೆ ಸುಟ್ಟಿದೆ" ಎಂದು ಬರೆದು, ಜೊತೆಗೆ 1600 ವ್ಯಾಟಿನ ಹೊಸ ಮೆಷಿನ್ನಿನ ಪಾಂಪ್ಲೆಟ್ ಇಟ್ಟರು. ಚಿಕ್ಕಮ್ಮ ನನ್ನ ಕೈ ಹಿಡಿದು, "ಬಾರೆ, ಹೋಗೋಣ" ಅಂದರು. ಆಟೋದಲ್ಲಿ ಮನೆ ಸೇರುವವರೆಗೆ ಒಂದು ಮಾತಾಡಲಿಲ್ಲ.

ಅಂದು ನನ್ನ ಬಾಯಿ ಕಟ್ಟಿತ್ತು. ಈಗ ಹೇಳುತ್ತೇನೆ. ಪ್ಲೇಟಿನ ಮೇಲಿನ ವ್ಯಾಟ್ ಮೋಟರು ಎಷ್ಟು ಕರೆಂಟ್ ತಿನ್ನುತ್ತದೆ ಎಂಬ ಲೆಕ್ಕ, ಎಷ್ಟು ಕಸ ತೆಗೆಯುತ್ತದೆ ಎಂಬ ಲೆಕ್ಕವಲ್ಲ. ಈ ಹಳೆಯ ಅಪ್‌ರೈಟ್‌ಗಳಲ್ಲಿ ಫ್ಯಾನು ನೆಲಕ್ಕೆ ಅಂಟಿದ ಹಾಗೇ ಕೂತಿರುತ್ತದೆ. ಕಸ ನೇರ ಫ್ಯಾನಿನ ಮೂಲಕವೇ ಹಾದು ಚೀಲಕ್ಕೆ ಹೋಗುತ್ತದೆ, ಉದ್ದದ ಪೈಪಿನಲ್ಲಿ ಗಾಳಿಯ ಜೋರು ಸೋರಿಹೋಗುವುದಿಲ್ಲ. ಅದೇ ಮೋಟರು ಬೆಲ್ಟಿನಿಂದ ಬ್ರಷ್ ರೋಲರನ್ನೂ ತಿರುಗಿಸಿ, ಕಾರ್ಪೆಟ್ಟನ್ನು ಬಡಿದು ಒಳಗಿನ ಮಣ್ಣು ಎಬ್ಬಿಸುತ್ತದೆ. ನೀವು ಮಾರುವ ಡಬ್ಬಿಯಂಥ ಮೆಷಿನ್ನುಗಳದು ಬೇರೆ ದಾರಿ: ಉದ್ದದ ಪೈಪು, ಫಿಲ್ಟರು, ಆಮೇಲೆ ಫ್ಯಾನು. ಅದಕ್ಕೆ ಎಳೆತ ಹೆಚ್ಚು ಬೇಕು, ವ್ಯಾಟೂ ಹೆಚ್ಚು ಬೇಕು. ಎರಡನ್ನೂ ಬರೀ ವ್ಯಾಟಿನಿಂದ ಹೋಲಿಸುವುದೇ ತಪ್ಪು. ವ್ಯಾಟ್ ಜಾಸ್ತಿಯಾದಷ್ಟೂ ಒಳ್ಳೆಯದು ಅನ್ನುವುದಾದರೆ ಯುರೋಪಿಯನ್ ಒಕ್ಕೂಟ ಇಂಥ ಮೆಷಿನ್ನುಗಳಿಗೆ 2014ರಲ್ಲಿ 1600 ವ್ಯಾಟಿನ ಮಿತಿ ಹಾಕಿ, 2017ರಲ್ಲಿ ಅದನ್ನು 900ಕ್ಕೆ ಏಕೆ ಇಳಿಸಿತು? ಮಿಕ್ಸಿಯಿಂದ ಜಮಖಾನ ಗುಡಿಸಬಹುದು ಅಂತಿದ್ದರೆ ನಿಮ್ಮ ಸೂಪರ್‌ವೈಸರ್ ನಮ್ಮ ಮನೆಗೆ ಬಂದು ಮಾಡಿ ತೋರಿಸಲಿ.

ಮೋಟರು ಸುಟ್ಟದ್ದು ಕಡಿಮೆ ಪವರ್ ಆಗಿದ್ದಕ್ಕಲ್ಲ. ನಾನು ಕೊಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿಗೆ ಟೇಪ್ ಸುತ್ತಿ, ಟೇಪಿನ ಮೇಲೆ ಸಹಿ ಹಾಕಿದ್ದೆ. ಅದು ನನ್ನ ಕೈಗೆ ವಾಪಸ್ ಬಂದಾಗ ಟೇಪು ಹಾಗೇ ಇತ್ತು, ಸಹಿಯೂ ಹಾಗೇ ಇತ್ತು. ಟ್ರಾನ್ಸ್‌ಫಾರ್ಮರ್ ಹೊರಗೇ ತೆಗೆಯದೆ ಮೆಷಿನ್ ಓಡಿಸಿ ನೋಡಿದ್ದು ಯಾವ ಪ್ಲಗ್ಗಿನಲ್ಲಿ? 120 ವೋಲ್ಟಿನ ಮೋಟರನ್ನು ಗೋಡೆಯ 230 ವೋಲ್ಟಿಗೆ ಹಾಕಿದರೆ, ತಿರುಗಲು ಶುರುಮಾಡುವ ಗಳಿಗೆಯಲ್ಲಿ ತಂತಿಯಲ್ಲಿ ಹುಟ್ಟುವ ಬಿಸಿ ಮೂರು ಪಟ್ಟಿಗೂ ಹೆಚ್ಚು. ಮೋಟರಿಗೆ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯವರಿಗೆ ಆರ್ಮೇಚರ್, ಅಂದರೆ ಮೋಟರಿನ ತಿರುಗುವ ಭಾಗ, ತೋರಿಸಿದೆ. ಯಾರೂ ಏನೂ ಹೇಳುವ ಮೊದಲೇ, "ಡೈರೆಕ್ಟ್ ಕೊಟ್ಟಿದಾರಲ್ಲಮ್ಮ" ಅಂದರು.

 

ಆರ್ಮೇಚರ್ ಮತ್ತು ಫೀಲ್ಡ್ ಕಾಯಿಲ್ (ಅದರ ಸುತ್ತ ತಿರುಗದೆ ಇರುವ ಸುರುಳಿ) ರಿವೈಂಡಿಂಗ್, ಅಂದರೆ ಹೊಸ ತಂತಿ ಸುತ್ತಿಸುವ, ಖರ್ಚು ನೀವು ಕೊಡಬೇಕು. 1,450 ರೂಪಾಯಿಯ ಬಿಲ್ಲು ರದ್ದಾಗಬೇಕು. ಚಿಕ್ಕಮ್ಮನಿಗೆ ಅದೇ ಸೂಪರ್‌ವೈಸರ್ ಕ್ಷಮೆ ಕೇಳಬೇಕು, ಫೋನಿನಲ್ಲಲ್ಲ, ಕಾಗದದ ಮೇಲೆ. ಇದಕ್ಕೆ ಹದಿನೈದು ದಿನ ಸಮಯ ಕೊಡುತ್ತೇನೆ.

ಹದಿನಾರನೇ ದಿನ ಬೆಂಗಳೂರು ನಗರ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರು ಹಾಕುತ್ತೇನೆ. ವಕೀಲರು ಬೇಕಿಲ್ಲ, ನಾನೇ ವಾದಿಸುತ್ತೇನೆ. ಆಗ ರಿವೈಂಡಿಂಗ್ ಖರ್ಚಿನ ಜೊತೆಗೆ ಮಾನಸಿಕ ಯಾತನೆಗೂ ಪರಿಹಾರ ಕೇಳುತ್ತೇನೆ, ರಾಜಿಗೆ ಕರೆದರೆ ಬರುವುದಿಲ್ಲ. ಕೆಂಪು ಪೆನ್ನಿನ ಜಾಬ್ ಕಾರ್ಡು, ಸುಟ್ಟ ಆರ್ಮೇಚರು, ಟೇಪು ಬಿಚ್ಚದ ಡಬ್ಬಿ ಮೂರೂ ನನ್ನ ಬೀರುವಿನಲ್ಲಿವೆ. ಡಬ್ಬಿಯನ್ನು ಆಯೋಗದ ಮುಂದೆಯೇ ಬಿಚ್ಚಿಸುತ್ತೇನೆ. ಅಂದು ಚಿಕ್ಕಮ್ಮನೂ ಬರುತ್ತಾರೆ.

ಇಂತಿ,
ನಿಮ್ಮ ಗ್ರಾಹಕಿ